ನಿಧಾನವಾಗಿ ಓಡಿದ ಟೇಪುಗಳು

ಟೇಪುಗಳು ಬಂದದ್ದು ಮೀನು ಸಾಗಿಸುವ ಥರ್ಮಾಕೋಲ್ ಪೆಟ್ಟಿಗೆಗಳಲ್ಲಿ. ಯಶವಂತಪುರದ ಮಾರುಕಟ್ಟೆ ಯಾರ್ಡಿನ ಹಿಂಬದಿ ರಸ್ತೆಯಲ್ಲಿ, ಈರುಳ್ಳಿ ಮಂಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಸ್ಟುಡಿಯೋ ಇದೆ. ಹಳೆಯ ಧ್ವನಿಮುದ್ರಣಗಳನ್ನು ಶುಚಿಮಾಡಿ ಕಂಪ್ಯೂಟರಿಗೆ ಇಳಿಸುವುದು ನಮ್ಮ ಕೆಲಸ. ಪೆಟ್ಟಿಗೆಗಳನ್ನು ಹೊತ್ತು ತಂದ ಹಮಾಲಿ ಮೂಗು ಅರಳಿಸಿ, “ಮೀನ್ ಅಂದ್ಕೊಂಡೆ ಸಾರ್. ಇದೇನ್ ಹುಣ್ಸೇಹಣ್ಣಾ?” ಎಂದ. ಹುಳಿ ವಾಸನೆ ನನಗೂ ಬಂತು. ಟೇಪು ಸಾಯಲು ಶುರುಮಾಡಿದಾಗ ಬರುವ ವಾಸನೆ ಅದು.

ದ್ವೀಪವೊಂದರಲ್ಲಿರುವ ಕಡಲ ಸಂಶೋಧನಾ ಕೇಂದ್ರದ ಟೇಪುಗಳವು. ತೆಂಗಿನ ಗರಿಯ ಷೆಡ್ಡಿನಲ್ಲಿ ಶುರುವಾದ ಕೇಂದ್ರ. ಆಮೇಲೆ ಕಲ್ಲಿನ ಕಟ್ಟಡ ಬಂತು, ಜೆಟ್ಟಿ ಬಂತು, ಚಂಡಮಾರುತ ಬಂದು ಜೆಟ್ಟಿಯನ್ನು ಒಯ್ದಿತು, ಮತ್ತೆ ಕಟ್ಟಿದರು. ನಡುವೆ ಕೆಲವು ವರ್ಷ ಬಾಗಿಲು ಮುಚ್ಚಿಯೂ ಇತ್ತು. ಇಷ್ಟೆಲ್ಲ ಚರಿತ್ರೆಯನ್ನು ಜನರಿಗೆ ಕೇಳಿಸುವ ಒಂದು ಕೋಣೆಯನ್ನು ಈಗ ಹಳೆಯ ಕಟ್ಟಡದಲ್ಲಿ ತೆರೆಯಬೇಕೆಂದಿದ್ದರು. ತೋರಿಸುವುದಲ್ಲ, ಕೇಳಿಸುವುದು. ಕೇಂದ್ರದ ಮೊದಲ ವಿಜ್ಞಾನಿಗಳಲ್ಲೊಬ್ಬರು ನೀರೊಳಗೆ ಮೈಕು ಇಳಿಸಿ, ಹವಳದ ದಿಬ್ಬದ ಸದ್ದನ್ನು ವರ್ಷಗಟ್ಟಲೆ ಮುದ್ರಿಸಿಟ್ಟಿದ್ದರು. ಅದೇ ಜಾಗದ ಇಂದಿನ ಸದ್ದನ್ನೂ ಮುದ್ರಿಸಿ ಎರಡನ್ನೂ ಒಂದರ ಪಕ್ಕ ಒಂದು ಇಡುವುದು ಯೋಜನೆ.

ಅಂದರೆ ಒಬ್ಬ ದ್ವೀಪಕ್ಕೆ ಹೋಗಬೇಕು, ಒಬ್ಬ ಯಶವಂತಪುರದಲ್ಲಿ ಕೂರಬೇಕು.

ಸ್ಟುಡಿಯೋ ನಡೆಸುವ ಮೇಡಂ ಹೆಚ್ಚು ಯೋಚಿಸಲಿಲ್ಲ. “ನೀವು ಇಲ್ಲಿರಿ. ಹಳೇ ಟೇಪಿಗೆ ನಿಮ್ ಕಿವೀನೇ ಬೇಕು. ಅವನಿಗೆ ಈಜು ಬರತ್ತೆ, ಅವನು ಹೋಗ್ಲಿ,” ಎಂದರು. ಅವನು ಅಂದರೆ ನನ್ನ ಜೊತೆಗಾರ. ನಾವಿಬ್ಬರೂ ಒಟ್ಟಿಗೆ ಕೆಲಸಕ್ಕೆ ಸೇರಿದವರು, ಒಂದೇ ಡಬ್ಬಿಯಲ್ಲಿ ಊಟ ಹಂಚಿಕೊಂಡವರು. ನಾನು ಹುಟ್ಟಿ ಬೆಳೆದದ್ದು ಯಲಹಂಕದ ಹಳೇ ಊರಿನಲ್ಲಿ. ನನ್ನ ಕಾಲಕ್ಕೆ ಅಲ್ಲಿನ ಕೆರೆಯಲ್ಲಿ ಮನುಷ್ಯರು ಇಳಿಯುವಂಥ ನೀರಿರಲಿಲ್ಲ. ಕಿವಿಯನ್ನು ಹೊಗಳಿ ಕಾಲನ್ನು ಕಟ್ಟಿಹಾಕಿದ ಹಾಗಾಯಿತು ಎಂದು ಅನ್ನಿಸಿತು. ಮೇಡಂ ಎದುರು ಮಾತ್ರ ಸರಿ ಎಂದೆ.

ಅವನು ಹೊರಟ ದಿನ ಹೊಸ ಚಪ್ಪಲಿ ಹಾಕಿದ್ದ. “ನಿನಗೇನಾದ್ರೂ ತರ್ಬೇಕಾ ಮಗಾ?” ಎಂದು ಕೇಳಿದ. “ಕೆಲಸ ಸರಿಯಾಗಿ ಮಾಡ್ಕೊಂಡ್ ಬಾ, ಸಾಕು,” ಎಂದೆ. ಆ ಮಾತು ಹಿರಿಯಣ್ಣನ ಮಾತಿನಂತೆ ಕೇಳಿಸಲಿ ಎಂದು ಪ್ರಯತ್ನಿಸಿದೆ. ಅವನು ನಕ್ಕದ್ದು ನೋಡಿದರೆ ಹಾಗೆ ಕೇಳಿಸಿರಲಿಲ್ಲ.

ನಾನು ಟೇಪುಗಳ ಮುಂದೆ ಕೂತೆ. ಮೊದಲು ಅವನ್ನು ಬೇರ್ಪಡಿಸಬೇಕು. ಸುರುಳಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬದಿಯಿಂದ ನೋಡಿದರೆ, ತೀರಾ ಹಳೆಯ ಕಾಲದ ಟೇಪಿನ ಒಳಗೆ ಜೇನಿನಂಥ ಬೆಳಕು ಹಾಯುತ್ತದೆ. ಹುಳಿ ವಾಸನೆ ಅದರದ್ದು. ಅದನ್ನು ಬಿಸಿ ಮಾಡಿದರೆ ಸೀದು ಸುರುಟಿಕೊಳ್ಳುತ್ತದೆ. ನಂತರದ ಕಾಲದ ಟೇಪಿನಲ್ಲಿ ಬೆಳಕು ಹಾಯುವುದಿಲ್ಲ. ಆದರೆ ಕಡಲ ತೇವ ಕುಡಿದು ಅದರ ಅಂಟು ಕರಗಿರುತ್ತದೆ. ಹಾಗೇ ಓಡಿಸಿದರೆ ಟೇಪು ಕಿರುಚುತ್ತದೆ, ಯಂತ್ರದಲ್ಲಿ ಸದ್ದು ಓದುವ ಹೆಡ್ಡಿಗೆ ಕಂದು ಪುಡಿ ಮೆತ್ತಿಕೊಳ್ಳುತ್ತದೆ. ಆ ಪುಡಿಯೇ ಸದ್ದು, ಒಮ್ಮೆ ಉದುರಿದರೆ ಮತ್ತೆ ಸಿಗುವುದಿಲ್ಲ. ಅಂಥವನ್ನು ಒಣಗಿಸುವ ಪೆಟ್ಟಿಗೆಯಲ್ಲಿಟ್ಟು, ಹಪ್ಪಳಕ್ಕೆ ಬಿಸಿಲು ಕೊಟ್ಟ ಹಾಗೆ ಸಣ್ಣ ಶಾಖ ಕೊಡಬೇಕು. ತಣ್ಣಗಾದ ಮೇಲೆ ಓಡಿಸಬೇಕು. ಅಂಟು ಮತ್ತೆ ಕರಗುವುದರೊಳಗೆ ಸದ್ದನ್ನು ಪೂರ್ತಿ ಇಳಿಸಿಕೊಳ್ಳಬೇಕು.

ಕೆಳಗೆ ಮಂಡಿಯಲ್ಲಿ ಹರಾಜು ಕೂಗುತ್ತಿದ್ದರು. ಮೇಲೆ ನಾನು ಹತ್ತಿಯ ಕಡ್ಡಿಗೆ ಸ್ಪಿರಿಟ್ ಅದ್ದಿ ಹೆಡ್ಡು ಒರೆಸುತ್ತಿದ್ದೆ. ಹೀಗೆ ಒರೆಸುತ್ತಿರುವಾಗಲೇ ಫೋನು ಟಿಂಗ್ ಎನ್ನುತ್ತಿತ್ತು. ಜೆಟ್ಟಿಯ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತ ಜೊತೆಗಾರ. ಗಾಜಿನಂಥ ನೀರು, ಅದರೊಳಗೆ ಅವನ ಮೈಕಿನ ಕೇಬಲ್ಲು. ಬಾಳೆಲೆಯ ಮೇಲೆ ಹುರಿದ ಮೀನು. ಕೆಳಗೆ ಬರೆದಿರುತ್ತಿದ್ದ: “ಬೋರು ಗುರು. ನೆಟ್‌ವರ್ಕೇ ಸಿಗಲ್ಲ ಇಲ್ಲಿ.” ಸಮುದ್ರ ಚೆನ್ನಾಗಿದೆ ಎಂದು ಬರೆದಿದ್ದರೆ ಸಹಿಸುತ್ತಿದ್ದೆನೇನೋ. ಬೋರು ಎಂಬ ಮಾತು ಎದೆಗೆ ಚುಚ್ಚುತ್ತಿತ್ತು. ಉತ್ತರಿಸುವುದನ್ನು ಬಿಟ್ಟೆ.

ಅವನು ಕಳಿಸಿದ ಮೊದಲ ಧ್ವನಿಮುದ್ರಣ ಬಂದಾಗ ತಪ್ಪು ಹುಡುಕಲೆಂದೇ ಕೂತು ಕೇಳಿದೆ. ಗಾಳಿಯ ಉಜ್ಜು ಇಲ್ಲ, ಕೇಬಲ್ಲಿನ ಬಡಿತ ಇಲ್ಲ, ದೋಣಿಯ ಎಂಜಿನ್ ಇಲ್ಲ. ಅಲ್ಲಲ್ಲಿ ಸಿಗಡಿಗಳ ಚಿಟಿಕೆ, ದೂರದಲ್ಲೊಂದು ಮೀನಿನ ಗೊರಗು, ಉಳಿದಂತೆ ವಿಶಾಲವಾದ ನೀರು. ಇನ್ನೊಮ್ಮೆ ಕೇಳಿದೆ. ತಪ್ಪು ಸಿಗಲಿಲ್ಲ. ಮೇಡಂ ನನ್ನ ಹಿಂದೆ ನಿಂತು, “ಎಷ್ಟ್ ನೀಟಾಗ್ ಮಾಡಿದಾನೆ ನೋಡ್ರಿ,” ಎಂದರು. “ಹೂಂ, ಪರವಾಗಿಲ್ಲ,” ಎಂದೆ.

ಹಳೆಯ ಟೇಪುಗಳು ಒಂದೊಂದಾಗಿ ಬಾಯಿಬಿಟ್ಟವು. ಪ್ರತಿಯೊಂದರ ಮೊದಲಲ್ಲೂ ಗಂಟೆಯೊಂದು ಢಣ್ ಎನ್ನುತ್ತಿತ್ತು. ಆಮೇಲೆ ವಿಜ್ಞಾನಿಯ ದನಿ ಇಂಗ್ಲಿಷಿನಲ್ಲಿ ಗಾಳಿಯ ದಿಕ್ಕು, ನೀರಿನ ಆಳ ಹೇಳುತ್ತಿತ್ತು. ಆಮೇಲೆ ಕಡಲು. ಕೆಲವು ಟೇಪುಗಳಲ್ಲಿ ಗಂಟೆಯ ಬೆನ್ನಿಗೇ ಬಳೆಯ ಸದ್ದು ಬರುತ್ತಿತ್ತು, ಆ ದನಿ ಕನ್ನಡಕ್ಕೆ ತಿರುಗಿ “ಸಾಕು, ಬಾ ಈ ಕಡೆ” ಎನ್ನುತ್ತಿತ್ತು. ಒಬ್ಬ ಮನುಷ್ಯ, ಒಂದು ದ್ವೀಪ, ಗಂಟೆ ಬಾರಿಸುವ ಹೆಂಡತಿ. ಸತ್ತವರ ಮೇಲೂ ಹೊಟ್ಟೆಕಿಚ್ಚು ಪಡಬಹುದೆಂದು ನನಗೆ ಗೊತ್ತಾದದ್ದು ಆಗಲೇ.

ಈ ಟೇಪುಗಳನ್ನು ಮುದ್ರಿಸಿದ್ದು ಬ್ಯಾಟರಿಯ ರೆಕಾರ್ಡರಿನಲ್ಲಿ. ಅದು ಸರಿಯಾದ ವೇಗದಲ್ಲಿ ಓಡಿತ್ತೋ ಇಲ್ಲವೋ ನೋಡಿಕೊಳ್ಳಬೇಕು. ಮುದ್ರಿಸುವಾಗ ನಿಧಾನವಾಗಿ ಓಡಿದ್ದರೆ, ನಾವು ಸರಿಯಾದ ವೇಗದಲ್ಲಿ ಕೇಳುವಾಗ ದನಿ ಎಳೆಯದಾಗಿ, ತೆಳ್ಳಗಾಗಿ ಬಿಡುತ್ತದೆ. ಇದಕ್ಕೆ ನಮ್ಮಲ್ಲೊಂದು ಉಪಾಯವಿದೆ. ಕರೆಂಟಿನ ತಂತಿ ಹತ್ತಿರವಿದ್ದರೆ ಟೇಪಿನಲ್ಲಿ ಗುಂಯ್ ಎಂಬ ಸದ್ದು ಸೇರಿಕೊಂಡಿರುತ್ತದೆ. ಕರೆಂಟು ಸೆಕೆಂಡಿಗೆ ಐವತ್ತು ಸಲ ಮಿಡಿಯುತ್ತದೆ. ಟೇಪಿನ ಗುಂಯ್ ಕೂಡ ಐವತ್ತಕ್ಕೆ ಬಂದರೆ ವೇಗ ಸರಿ ಎಂದರ್ಥ. ಗುಂಯ್ ಚೆನ್ನಾಗಿ ಕೇಳುವ ಎರಡು ಮೂರು ಟೇಪುಗಳನ್ನು ಅಳೆದೆ. ಐವತ್ತರ ಸುತ್ತಮುತ್ತಲೇ ಇತ್ತು. ಕೂದಲಷ್ಟು ತಿದ್ದಿ, ಎಲ್ಲ ಟೇಪುಗಳೂ ಸಿದ್ಧ ಎಂದು ಮೇಡಂಗೆ ಹೇಳಿದೆ. ಜೊತೆಗಾರ ಇನ್ನೂ ದ್ವೀಪದಲ್ಲೇ ಇರುವಾಗ ನನ್ನ ಪಾಲು ಮುಗಿಯಿತೆಂಬ ಸಂತೋಷ ಚಿಕ್ಕದಾಗಿರಲಿಲ್ಲ.

ವಿಜ್ಞಾನಿಯ ಹೆಂಡತಿ ವಿದ್ಯಾರಣ್ಯಪುರದಲ್ಲಿದ್ದರು. ದನಿ ಅವರ ಯಜಮಾನರದ್ದೇ ಎಂದು ಒಂದು ಮಾತು ಕೇಳಿಕೊಂಡು ಬರಲು ಮೇಡಂ ನನ್ನನ್ನು ಕಳಿಸಿದರು. ಬಸ್ಸಿಳಿದು, ನೆರಳಿನ ರಸ್ತೆಯಲ್ಲಿ ಮನೆ ಹುಡುಕಿಕೊಂಡು ಹೋದೆ. ಬೆನ್ನು ನೆಟ್ಟಗಿದ್ದ, ಬೆಳ್ಳಗಿನ ಗಿಡ್ಡ ಕೂದಲಿನ ಅಮ್ಮ ಬಾಗಿಲು ತೆರೆದರು. ಕಾಫಿ ಕೊಟ್ಟು, ಎದುರು ಕೂತು, “ಹಾಕಪ್ಪಾ,” ಎಂದರು. ಹಾಕಿದೆ.

ಗಂಟೆ ಬಾರಿಸಿದಾಗ ಅವರ ಮುಖ ಸ್ವಲ್ಪ ಅರಳಿತು. ದನಿ ಬಂತು. ಅರಳಿದ್ದು ಅಲ್ಲೇ ನಿಂತಿತು.

“ಇವರು ಯಾರು?” ಎಂದರು.

“ನಿಮ್ಮ ಯಜಮಾನರು ಅಮ್ಮ.”

“ಅಲ್ಲ ಕಣಪ್ಪಾ. ಮಾತೆಲ್ಲ ಅವರದ್ದೇ. ದನಿ ಅವರದ್ದಲ್ಲ. ಅವರದ್ದು ಹಿಂಗೆ ಮೂಗಲ್ಲಿ ಆಡೋ ದನಿ ಅಲ್ಲ, ಇಲ್ಲಿಂದ ಬರ್ತಿತ್ತು.” ಎದೆಯ ಮೇಲೆ ಅಂಗೈ ಇಟ್ಟುಕೊಂಡರು. “ಯಾರೋ ಹುಡುಗ ಅವರ ಥರ ಆಡಿ ತೋರಿಸ್ದಂಗಿದೆ.”

ವೇಗ ಅಳೆದಿದ್ದೇನೆ ಎಂದು ವಿವರಿಸಿದೆ. ಕರೆಂಟು, ಐವತ್ತು, ಎಲ್ಲ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, “ಅಲ್ಲಿ ಕರೆಂಟೆಲ್ಲಿತ್ತಪ್ಪ? ಡೀಸೆಲ್ ಜನರೇಟರ್ ಇತ್ತು. ಮೀನಿನ ತೊಟ್ಟಿಗೆ ನೀರೆತ್ತೋ ಪಂಪು ಹಾಕಿದ್ರೆ ಸಾಕು, ಅದು ಉಸ್ಸಪ್ಪಾ ಅಂತಿತ್ತು. ದೀಪ ಮಂಕಾಗೋದು, ಫ್ಯಾನು ನಿಧಾನ ಆಗೋದು,” ಎಂದರು.

ಕಾಫಿ ಲೋಟ ಕೆಳಗಿಟ್ಟೆ. ಜನರೇಟರ್ ನಿಧಾನವಾಗಿದ್ದರೆ ಅದರ ಗುಂಯ್ ಐವತ್ತಕ್ಕಿಂತ ಕೆಳಗಿತ್ತು. ರೆಕಾರ್ಡರೂ ನಿಧಾನವಾಗಿ ಓಡಿದ್ದರಿಂದ, ನಾನು ಕೇಳುವಾಗ ಆ ಗುಂಯ್ ಮೇಲೇರಿ ಐವತ್ತರ ಹತ್ತಿರ ಬಂದು ನಿಂತಿತ್ತು. ಎರಡು ತಪ್ಪು ಸೇರಿ ನನಗೆ ಸರಿಯೆಂದು ಕಾಣಿಸಿದ್ದವು. ದನಿಯಷ್ಟೇ ಅಲ್ಲ, ಪ್ರತಿ ಮೀನಿನ ಗೊರಗೂ ಇರಬೇಕಾದಲ್ಲಿ ಇರಲಿಲ್ಲ. ಆ ಕೋಣೆಗೆ ಬರುವವರು ಎಂದೂ ಇಲ್ಲದ ಒಂದು ಕಡಲನ್ನು ಕೇಳಿ ಹೋಗುತ್ತಿದ್ದರು.

ಸ್ಟುಡಿಯೋಗೆ ಬಂದು ಮೇಡಂಗೆ ಹೇಳಿದೆ. ಅವರು ಹಣೆ ಉಜ್ಜಿಕೊಂಡರು. ಕೋಣೆ ತೆರೆಯುವ ದಿನ ಹತ್ತಿರ ಬಂದಿತ್ತು. “ಯಾರಿಗ್ ಗೊತ್ತಾಗತ್ತೆ ರೀ?”

“ಆ ಅಮ್ಮನಿಗೆ ಗೊತ್ತಾಯ್ತಲ್ಲ ಮೇಡಂ.”

“ಸರಿ, ಏನಾದ್ರೂ ದಾರಿ ಇದ್ರೆ ಮಾಡಿ. ಇಲ್ಲಾಂದ್ರೆ ಇದೇ ಕಳಿಸ್ತೀನಿ.”

ದಾರಿ ಇತ್ತು. ಅಮ್ಮನ ಮನೆಯ ಗೇಟು ದಾಟುವ ಮೊದಲೇ ಹೊಳೆದಿತ್ತು. ಗಂಟೆಯನ್ನು ಬಾರಿಸುತ್ತಿದ್ದವರು ನೀವೇ ತಾನೇ ಎಂದು ಬಾಗಿಲಲ್ಲಿ ಕೇಳಿದ್ದೆ. “ನಾನೇ. ದೋಣಿಯವರು ಯಾರೂ ಎಂಜಿನ್ ಹಚ್ಬಾರ್ದು, ಈಗ ರೆಕಾರ್ಡಿಂಗ್ ಅಂತ ಗುರುತಿಗೆ. ಒಡೆದ ಹಡಗಿನ ಕಂಚಿನ ಗಂಟೆ ಅದು, ಲ್ಯಾಬಿನ ಜಗಲಿಯಲ್ಲಿ ನೇತುಹಾಕಿದ್ರು,” ಎಂದಿದ್ದರು. ಕಂಚಿನ ಗಂಟೆಗೆ ವಯಸ್ಸಾದರೂ ಅದರ ಸ್ವರ ಬದಲಾಗುವುದಿಲ್ಲ. ಆ ಗಂಟೆ ಈಗಲೂ ಅಲ್ಲಿದ್ದರೆ, ಯಾರಾದರೂ ಅದನ್ನು ಬಾರಿಸಿ ಮುದ್ರಿಸಿ ಕಳಿಸಿದರೆ, ಟೇಪಿನ ಗಂಟೆ ಎಷ್ಟು ಮೇಲೇರಿದೆ ಎಂದು ಅಳೆದು ಪ್ರತಿ ಟೇಪನ್ನೂ ಅದರ ಜಾಗಕ್ಕೆ ಇಳಿಸಬಹುದು.

ಆ ಯಾರಾದರೂ ಯಾರೆಂದು ಗೊತ್ತಿತ್ತು. ಅದಕ್ಕೇ ತಡಮಾಡಿದೆ.

ಅವನ ಸಹಾಯವಿಲ್ಲದೆ ಆಗುತ್ತದೆಯೇ ಎಂದು ನೋಡಿದೆ. ಟೇಪೊಂದರಲ್ಲಿ ಹಲ್ಲಿ ಲೊಚಗುಟ್ಟಿತ್ತು. ಅದನ್ನು ನಮ್ಮ ಮನೆಯ ಹಲ್ಲಿಯ ಜೊತೆ ಹೋಲಿಸಿದೆ. ಒಂದೊಂದು ಹಲ್ಲಿ ಒಂದೊಂದು ಥರ. ಅಲೆಗಳ ನಡುವಿನ ಬಿಡುವನ್ನು ಅಳೆದೆ. ಅದಕ್ಕೆ ಅರ್ಥವೇ ಇರಲಿಲ್ಲ. ದನಿಯನ್ನು ಅಂದಾಜಿನಲ್ಲಿ ಕೆಳಗಿಳಿಸಿ ಇನ್ನೊಮ್ಮೆ ಅಮ್ಮನಿಗೆ ಕೇಳಿಸೋಣವೆಂದುಕೊಂಡೆ. ಆದರೆ ಎದೆಯ ಮೇಲೆ ಅಂಗೈ ಇಟ್ಟುಕೊಂಡ ಆ ಹೆಂಗಸಿನ ಮುಂದೆ, ಇದಾ, ಅಲ್ಲ ಇದಾ, ಎಂದು ಗಂಡನ ದನಿಯನ್ನು ಸೀರೆಯ ಹಾಗೆ ಒಂದೊಂದಾಗಿ ಬಿಚ್ಚಿ ತೋರಿಸುವುದು ನನ್ನಿಂದ ಆಗುತ್ತಿರಲಿಲ್ಲ. ಯಲಹಂಕದ ಮನೆಯ ಮೇಲೆ ವಾಯುಪಡೆಯ ವಿಮಾನವೊಂದು ಹಾದುಹೋಯಿತು. ಅದರ ಸದ್ದು ಅಡಗಿದ ಮೇಲೆ ಫೋನು ಮಾಡಿದೆ.

“ಏನ್ ಗುರು, ಬದುಕಿದ್ಯಾ?” ಎಂದ. ಹಿಂದೆ ಅಲೆಯ ಸದ್ದು.

“ಅಲ್ಲೊಂದು ಗಂಟೆ ಇದ್ಯಾ ನೋಡೋ.”

“ಎಷ್ಟ್ ಗಂಟೆ?”

“ಟೈಮಲ್ಲ ಕಣೋ. ಬಾರಿಸೋ ಗಂಟೆ. ಲ್ಯಾಬಿನ ಜಗಲೀಲಿ.”

“ಓ ಅದಾ! ದಿನಾ ಅದಕ್ಕೆ ತಲೆ ಹೊಡ್ಕೋತೀನಲ್ಲ.”

ನಾನು ವಾರಗಟ್ಟಲೆ ಕೇಳಿಸಿಕೊಂಡಿದ್ದ ಗಂಟೆಗೆ ಅವನು ದಿನಾ ತಲೆ ಹೊಡೆದುಕೊಳ್ಳುತ್ತಿದ್ದ! ಹಲ್ಲು ಕಚ್ಚಿ ವಿಷಯ ಹೇಳಿದೆ. ನಾನು ಅಳತೆಯಲ್ಲಿ ಎಡವಿದ್ದನ್ನೂ ಹೇಳಬೇಕಾಯಿತು. ಅವನು ತಮಾಷೆ ಮಾಡುತ್ತಾನೆಂದು ಕಾದೆ. ಮಾಡಲಿಲ್ಲ. “ಎಷ್ಟ್ ದೂರದಲ್ಲಿ ಮೈಕ್ ಇಡ್ಲಿ?” ಎಂದು ಮಾತ್ರ ಕೇಳಿದ.

ಸಂಜೆಯೇ ಧ್ವನಿಮುದ್ರಣ ಬಂತು. ಗಂಟೆಯಲ್ಲಿ ಒಂದೇ ಸ್ವರವಿರುವುದಿಲ್ಲ, ಒಂದರೊಳಗೊಂದು ಹಲವಿರುತ್ತವೆ. ಟೇಪಿನ ವೇಗವಷ್ಟೇ ತಪ್ಪಿದ್ದರೆ ಎಲ್ಲ ಸ್ವರಗಳೂ ಒಂದೇ ಪ್ರಮಾಣದಲ್ಲಿ ಮೇಲೇರಿರಬೇಕು. ಎರಡು ಗಂಟೆಯ ಸದ್ದನ್ನೂ ಪಕ್ಕಪಕ್ಕ ಇಟ್ಟು ಅಳೆದರೆ ಹಾಗಿರಲಿಲ್ಲ. ಒಂದು ಹೆಚ್ಚು ಸರಿದಿತ್ತು, ಇನ್ನೊಂದು ಕಡಿಮೆ. ಅವನು ಕಳಿಸಿದ ಸದ್ದೂ ಮಂಕಾಗಿತ್ತು, ಬಟ್ಟೆ ಸುತ್ತಿ ಬಾರಿಸಿದಂತೆ. ಅವನ ಕೆಲಸದಲ್ಲಿ ಕೊನೆಗೂ ಒಂದು ತಪ್ಪು ಸಿಕ್ಕಿತೆಂದು ಕ್ಷಣಮಾತ್ರ ಹಿಗ್ಗಿದೆ. ಗಂಟೆಯ ಫೋಟೋ ಕಳಿಸು ಎಂದೆ. ಕಿಟಕಿಗಳಿಗೆ ಹಚ್ಚಿದ ನೀಲಿ ಬಣ್ಣವನ್ನೇ ಗಂಟೆಗೂ ಹಚ್ಚಿದ್ದರು. ಒಂದು ಸಲವಲ್ಲ, ಕಟ್ಟಡಕ್ಕೆ ಬಣ್ಣ ಹೊಡೆದಾಗಲೆಲ್ಲ ಗಂಟೆಗೂ ಹೊಡೆದಿದ್ದರು. ಕೇಂದ್ರದ ಚರಿತ್ರೆಯೆಲ್ಲ ಪದರಪದರವಾಗಿ ಅದರ ಮೇಲೆ ಕೂತು ಬಾಯಿ ಮುಚ್ಚಿಸಿತ್ತು.

“ಕೆರೀಬೇಕು ಕಣೋ,” ಎಂದೆ.

“ಇಲ್ಲಿನ ಮ್ಯಾನೇಜರ್ ಒಪ್ಪಲ್ಲ ಗುರು. ಬಣ್ಣಾನೂ ಹಿಸ್ಟರಿ ಅಂತಾರೆ.”

ಅಲ್ಲಿಗೆ ಬಿಡಬಹುದಿತ್ತು. ಅವನಿಂದ ಆಗಲಿಲ್ಲ ಎಂದು ಮೇಡಂಗೆ ಹೇಳಬಹುದಿತ್ತು. ಬದಲಿಗೆ ಅಮ್ಮ ಹೇಳಿದ್ದನ್ನೆಲ್ಲ ಅವನಿಗೆ ಹೇಳಿದೆ. ಇವರು ಯಾರು ಎಂದು ಕೇಳಿದ್ದು, ಎದೆ ಮುಟ್ಟಿಕೊಂಡದ್ದು. “ಆಯ್ತು, ನೋಡ್ತೀನಿ,” ಎಂದ.

ಅವನು ಮ್ಯಾನೇಜರನ್ನು ಹೇಗೆ ಒಪ್ಪಿಸಿದನೋ. ಮರದ ಚಕ್ಕೆ, ಥಿನ್ನರ್, ಹಳೇ ಬನಿಯನ್ನು ಹಿಡಿದುಕೊಂಡು ಜಗಲಿಯಲ್ಲಿ ಕೂತು, ಕಂಚಿಗೆ ಗೀರು ಬೀಳದ ಹಾಗೆ ಬಣ್ಣ ಬಿಡಿಸಿದ. ಲೋಹದ ಚಾಕು ಮುಟ್ಟಿಸಬೇಡವೆಂದು ನಾನು ಹೇಳುವುದನ್ನು ಮರೆತಿದ್ದೆ, ಅವನಿಗದು ಗೊತ್ತಿತ್ತು. ಮರುದಿನ ಬಂದ ಸದ್ದು ಕೇಳಿ ಎದ್ದು ನಿಂತೆ. ಎಲ್ಲ ಸ್ವರಗಳೂ ಒಂದೇ ಅಳತೆಗೆ ಕೂತವು. ಟೇಪುಗಳನ್ನು ಒಂದೊಂದಾಗಿ ಇಳಿಸಿದೆ. ಬ್ಯಾಟರಿ ಹೊಸದಿದ್ದ ದಿನ ಕಡಿಮೆ, ಸೊರಗಿದ್ದ ದಿನ ಹೆಚ್ಚು. ತೆಳ್ಳಗಿನ ದನಿ ಮೂಗಿನಿಂದ ಗಂಟಲಿಗೆ, ಗಂಟಲಿನಿಂದ ಎದೆಗೆ ಇಳಿಯಿತು. ಬಳೆಯ ಸದ್ದು ಗಾಜಿನಿಂದ ಚಿನ್ನಕ್ಕೆ ಬಂತು. ಹಾಗೆ ಕೇಳಿಸಿತು ಎನ್ನಬಹುದಷ್ಟೆ.

ವಿದ್ಯಾರಣ್ಯಪುರಕ್ಕೆ ಮತ್ತೆ ಹೋದೆ. ಅಮ್ಮ ಈ ಸಲ ಕಾಫಿ ಕೊಡುವ ಮೊದಲೇ ಕೂತರು. ಗಂಟೆ ಬಾರಿಸಿತು. “ಸಾಕು, ಬಾ ಈ ಕಡೆ,” ಎಂದಿತು ದನಿ.

“ಬಂದೆ,” ಎಂದರು ಅಮ್ಮ. ಅಂದದ್ದು ಅವರಿಗೇ ತಿಳಿಯಿತೋ ಇಲ್ಲವೋ. ಟೇಪು ಮುಗಿಯುವವರೆಗೆ ಸೆರಗಿನ ಅಂಚನ್ನು ಮಡಿಸುತ್ತ, ಬಿಡಿಸುತ್ತ ಕೂತಿದ್ದರು. ಆಮೇಲೆ ಕಣ್ಣು ಒರೆಸಿಕೊಂಡು, “ಇವರೇ,” ಎಂದರು.

ಆ ಒಂದು ಮಾತಿಗಾಗಿ ನಾನು ಇಷ್ಟು ದಿನ ಒದ್ದಾಡಿದ್ದೆ. ಅದು ಬಂದ ಕೂಡಲೇ ಅವರು ಕೇಳಿದರು: “ಅಲ್ಲಿ ಗಂಟೆ ಬಾರಿಸಿದ್ದು ಯಾರಪ್ಪಾ? ಬಣ್ಣ ಎಲ್ಲ ಕೆರೆದ್ರು ಅಂದ್ಯಲ್ಲ, ಅವರು? ಅವರನ್ನ ಒಂದ್ಸಲ ಕರ್ಕೊಂಡ್ ಬಾ. ಈಗ ಅಲ್ಲಿ ಏನೇನಿದೆ ಅಂತ ಕೇಳ್ಬೇಕು.”

ಕರೆದುಕೊಂಡು ಹೋದೆ. ಜೊತೆಗಾರ ಕಪ್ಪಗಾಗಿ ಹಿಂತಿರುಗಿದ್ದ. ಅಮ್ಮ ಅವನಿಗೆ ಚಕ್ಕುಲಿಯ ತಟ್ಟೆ ಸರಿಸಿ, ಬಾವಿಯ ಕಟ್ಟೆ ಇದೆಯಾ, ಗಾಳಿ ಮರಗಳಿವೆಯಾ, ಅಡುಗೆಮನೆಯ ಕಿಟಕಿಯಿಂದ ಜೆಟ್ಟಿ ಕಾಣುತ್ತದಾ ಎಂದು ಒಂದೊಂದಾಗಿ ಕೇಳಿದರು. ಅವನು ಕೈಯಾಡಿಸಿ ವಿವರಿಸಿದ. “ಹೌದು ಹೌದು, ಅಲ್ಲೇ ಎಡಕ್ಕೆ,” ಎಂದು ಅವರೂ ಕೈ ತೋರಿಸಿದರು. ಇಬ್ಬರೂ ಆ ಚಿಕ್ಕ ಹಜಾರದಲ್ಲಿ ಕೂತೇ ದ್ವೀಪವನ್ನು ಒಂದು ಸುತ್ತು ಹಾಕಿದರು. ನಾನು ಸೋಫಾದ ತುದಿಯಲ್ಲಿ ಲ್ಯಾಪ್‌ಟಾಪ್ ಚೀಲ ಹಿಡಿದು ಕೂತಿದ್ದೆ. ಆ ಜಗಲಿಯಲ್ಲಿ ಹಲ್ಲಿಯೊಂದು ಲೊಚಗುಟ್ಟುತ್ತಿತ್ತೆಂಬುದು ಬಿಟ್ಟರೆ ಸೇರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ತಟ್ಟೆ ನನ್ನ ಕಡೆ ಬರಲಿಲ್ಲ.

“ಪೂರ್ವದ ದಿಬ್ಬ ಹೇಗಿದೆಯಪ್ಪಾ?” ಎಂದರು ಅಮ್ಮ. “ಬೆಳಿಗ್ಗೆ ಹೊತ್ತು ದೋಣಿಯ ತಳಕ್ಕೆ ಕಿವಿ ಇಟ್ರೆ, ಬಾಣಲೇಲಿ ಎಣ್ಣೆ ಸಿಡಿದ ಹಾಗೆ ಕೇಳ್ತಿತ್ತು. ನಾನು ಅಲ್ಲೇ ಮಲಗಿಬಿಡ್ತಿದ್ದೆ.”

ಜೊತೆಗಾರ ಚಕ್ಕುಲಿ ಕೆಳಗಿಟ್ಟ. “ಆ ಕಡೆ ಈಗ ಅಷ್ಟಿಲ್ಲ ಅಮ್ಮ. ಹವಳ ಎಲ್ಲ ಬಿಳಿಚ್ಕೊಂಡಿದೆ. ಮೀನೂ ಕಮ್ಮಿ.”

ಅವನು ಮುದ್ರಿಸಿ ಕಳಿಸಿದ್ದರಲ್ಲಿ ನಾನು ಕೇಳಿದ್ದ ವಿಶಾಲವಾದ ನೀರು ಅದೇ ದಿಬ್ಬದ್ದೆಂದು ಆಗ ಮನಸ್ಸಿಗೆ ಬಂತು. ತಪ್ಪು ಹುಡುಕುವ ಭರದಲ್ಲಿ, ಅದರಲ್ಲಿ ಏನಿಲ್ಲ ಎಂಬುದನ್ನು ನಾನು ಕೇಳಿಸಿಕೊಂಡೇ ಇರಲಿಲ್ಲ.

ಚೀಲದಿಂದ ಲ್ಯಾಪ್‌ಟಾಪ್ ತೆಗೆದು, ಪೂರ್ವದ ದಿಬ್ಬದ ಹಳೆಯ ಟೇಪೊಂದನ್ನು, ಸರಿಯಾದ ವೇಗಕ್ಕೆ ಇಳಿಸಿದ್ದನ್ನು, ಹಾಕಿದೆ. ಹಜಾರವೆಲ್ಲ ಸಿಡಿಯತೊಡಗಿತು. ಎಣ್ಣೆಯೇ. ಅದರ ನಡುವೆ ಗೊರಗುವವು, ಬಡಿಯುವವು, ಕೊಕ್ಕಿನಿಂದ ಹವಳ ಕಡಿಯುವ ಮೀನುಗಳ ಕಟಕಟ, ಸಂತೆಯಷ್ಟು ಗದ್ದಲ. ಅಮ್ಮ ಕಣ್ಣು ಮುಚ್ಚಿ ಕುರ್ಚಿಗೆ ತಲೆ ಆನಿಸಿದರು.

ಜೊತೆಗಾರ ನನ್ನ ಪಕ್ಕಕ್ಕೆ ಬಂದು ಕೂತ. “ಹೆಡ್‌ಫೋನ್ ಇದ್ಯಾ?” ಎಂದು ಮೆಲ್ಲಗೆ ಕೇಳಿದ. ಕೊಟ್ಟೆ. ಅಮ್ಮ ನಿದ್ದೆಗೆ ಜಾರಿದ್ದರು. ಸ್ಪೀಕರ್ ನಿಲ್ಲಿಸಿ, ಸದ್ದನ್ನು ಅವನೊಬ್ಬನಿಗೇ ಬಿಟ್ಟೆ. ಅವನು ಎರಡೂ ಕೈಯಿಂದ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡ. ಟೇಪು ಮುಗಿಯಿತು. ಮತ್ತೆ ಹಾಕು ಎಂದು ಬೆರಳಲ್ಲೇ ಸನ್ನೆ ಮಾಡಿದ. ಹಾಕಿದೆ.

“ಅಷ್ಟ್ ದಿನ ಅದೇ ನೀರಲ್ಲಿ ಇದ್ದೆ ಕಣೋ,” ಎಂದ, ನನ್ನ ಕಡೆ ನೋಡದೆ. “ಇದನ್ನ ನೀನೊಬ್ಬನೇ ಕೇಳ್ತಾ ಕೂತಿದ್ಯಾ?”

ಹೌದು ಎಂದೆ. ಅವನ ದವಡೆ ಬಿಗಿಯಾಗಿತ್ತು. ಆ ಮುಖಭಾವ ನನಗೆ ಚೆನ್ನಾಗಿ ಗೊತ್ತಿದ್ದದ್ದೇ. ಅಷ್ಟೂ ದಿನ ಸ್ಟುಡಿಯೋದ ಗಾಜಿನಲ್ಲಿ ಅದನ್ನೇ ನೋಡಿಕೊಂಡು ಕೂತಿದ್ದೆ. ತಟ್ಟೆಯನ್ನು ನನ್ನ ಕಡೆಗೆ ಎಳೆದುಕೊಂಡು ಒಂದು ಚಕ್ಕುಲಿ ಮುರಿದೆ. ಸದ್ದಾಗದ ಹಾಗೆ ತಿಂದೆ.